ಆರ್15: ಕೆಂಪು ಬೇಸ್ ಸಾಕಾ, ಎಂ ತಗೊಳ್ಳೋದಾ? ಘಟ್ಟದಲ್ಲಿ ಓಡಿಸೋರು ಹೇಳಿ

ದೇವಿಮನೆ ದಾರಿ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿಯಿಂದ ಕುಮಟಾ ರಸ್ತೆಯಲ್ಲಿ 14 ಕಿ.ಮೀ. ಒಳಗೆ. ದಿನಾ ಪೇಟೆಗೆ ಕೆಲಸಕ್ಕೆ ಬಂದು ಹೋಗಬೇಕು. ತಿಂಗಳಿಗೆ ಎರಡು ಸಲ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ, ಅಕ್ಕನ ಮನೆಗೆ. ಎಂಟು ವರ್ಷ ಅಪ್ಪನ ಹಳೇ ಸ್ಪ್ಲೆಂಡರ್ ಓಡಿಸಿದ್ದೇನೆ. ಈಗ ಯಮಹಾ ಆರ್15 ವಿ4 ತಗೊಳ್ಳೋದು ಅಂತ ತೀರ್ಮಾನ ಆಗಿದೆ. ದಯವಿಟ್ಟು ಬೇರೆ ಬೈಕ್ ಹೇಳಬೇಡಿ.

ಗೊಂದಲ ಇರೋದು ಒಂದೇ. ಕೆಂಪು ಬಣ್ಣದ ಬೇಸ್ (ಕಡಿಮೆ ಬೆಲೆಯ ಮಾಡೆಲ್) ಸಾಕಾ, ಇಲ್ಲಾ ಎಂ (ಹೆಚ್ಚು ಬೆಲೆಯ ಮಾಡೆಲ್) ತಗೊಳ್ಳೋದಾ? ಶೋರೂಮ್‌ನಲ್ಲಿ ಬರೆದುಕೊಟ್ಟ ಚೀಟಿ ನೋಡಿದರೆ ತೆರಿಗೆ, ವಿಮೆ ಎಲ್ಲಾ ಸೇರಿ ಆನ್‌ರೋಡ್‌ಗೆ ಬರುವಾಗ 25,000 ರೂಪಾಯಿ ಹತ್ತಿರ ವ್ಯತ್ಯಾಸ. ಎಂನಲ್ಲಿ ಕ್ಲಚ್ ಹಿಡಿಯದೆ ಗೇರ್ ಏರಿಸೋ ಕ್ವಿಕ್‌ಶಿಫ್ಟರ್ ಇದೆ, ಬಣ್ಣದ ಪರದೆ ಇದೆ, ನೋಡೋಕಂತೂ ಕಣ್ಣು ಕೀಳೋಕಾಗಲ್ಲ. ಅರ್ಧ ಹಣ ನನ್ನದು. ಉಳಿದರ್ಧ ಅಪ್ಪ ಈ ಸಲದ ಚಾಲಿ ಅಡಿಕೆ ಮಾರಿ ಕೊಡುತ್ತಾರೆ. ಅದಕ್ಕೇ ಮನಸ್ಸು ಎರಡಾಗಿದೆ. ನಮ್ಮ ಕಡೆ ರಸ್ತೆ, ನಮ್ಮ ಕಡೆ ಮಳೆ ಗೊತ್ತಿರೋರು ಹೇಳಿದರೆ ಸಮಾಧಾನ.

ಕಾಳಿ ತೀರ
ಎಂ ತಗೊಳ್ಳಿ. ಬೈಕ್ ತಗೊಳ್ಳೋದು ಹತ್ತು ವರ್ಷಕ್ಕೊಮ್ಮೆ. ಆಮೇಲೆ ಬೇರೆಯವರ ಎಂ ನೋಡಿದಾಗೆಲ್ಲ ಹೊಟ್ಟೆ ಉರಿಯಬಾರದು.

ಅಂಕೋಲಾ ಹುಡುಗ
ಎಂ ತಗೊಳ್ಳಿ ಅಣ್ಣ. ಬೇಸ್‌ನಲ್ಲಿ ಹಿಂದಿನ ಚಕ್ರ ಜಾರದ ಹಾಗೆ ನೋಡಿಕೊಳ್ಳೋ ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ. ಮಳೆಗಾಲದಲ್ಲಿ ದೇವಿಮನೆ ಘಟ್ಟಕ್ಕೆ ಅದಿಲ್ಲದೆ ಹೋಗೋದು ಬೇಡ.

ಗ್ಯಾರೇಜ್ ಕುಮಟಾ
ತಮ್ಮಾ, ಅದು ತಪ್ಪು ಮಾಹಿತಿ. 2021ರಲ್ಲಿ ವಿ4 ಬಂದಾಗಿನಿಂದ ಟ್ರ್ಯಾಕ್ಷನ್ ಕಂಟ್ರೋಲ್ ಎಲ್ಲಾ ಬಣ್ಣಕ್ಕೂ ಇದೆ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯೋ ಎಬಿಎಸ್ ಎರಡೂ ಚಕ್ರಕ್ಕೆ ಇದೆ. ಸ್ಲಿಪ್ಪರ್ ಕ್ಲಚ್ ಇದೆ. ಮುಂದಿನ ಚಕ್ರ ಹಿಡಿಯೋ ತಲೆಕೆಳಗಾದ ಫೋರ್ಕ್ ಇದೆ. ಎಂಜಿನ್ ಅದೇ 155 ಸಿಸಿ, ಅದೇ 18.4 ಪಿಎಸ್, ಅದೇ ಆರು ಗೇರು. ಟೈರ್ ಅಳತೆಯೂ ಒಂದೇ. ಹೆಚ್ಚು ದುಡ್ಡು ಕೊಟ್ಟರೆ ಬೈಕ್ ಜಾಸ್ತಿ ಓಡುತ್ತೆ, ಜಾಸ್ತಿ ಹಿಡಿಯುತ್ತೆ ಅನ್ನೋದು ಇಲ್ಲಿ ಇಲ್ಲ. ಮೊದಲು ಅದನ್ನ ತಲೆಯಿಂದ ತೆಗೀರಿ, ಆಮೇಲೆ ಮಾತಾಡೋಣ.

ಅಂಕೋಲಾ ಹುಡುಗ
ಸರಿ ಅಣ್ಣ, ನನಗೆ ಯಾರೋ ಹಾಗೆ ಹೇಳಿದ್ದರು. ತಿದ್ದಿದ್ದಕ್ಕೆ ಥ್ಯಾಂಕ್ಸ್.

ನೀಲೇಕಣಿ
ಇನ್ನೊಂದು ತಿದ್ದುಪಡಿ. ಕ್ವಿಕ್‌ಶಿಫ್ಟರ್ ಬೇಕು ಅಂದರೆ ಎಂಗೇ ಹೋಗಬೇಕಾಗಿಲ್ಲ. ಶುರುವಿನಿಂದಲೂ ರೇಸಿಂಗ್ ಬ್ಲೂ ಬಣ್ಣದ್ದಕ್ಕೂ ಅದು ಬರುತ್ತೆ. 2021ರಲ್ಲಿ ದೆಹಲಿ ಎಕ್ಸ್‌ಶೋರೂಮ್ ಬೆಲೆ (ನೋಂದಣಿ ತೆರಿಗೆ, ವಿಮೆ ಬಿಟ್ಟು) ಕೆಂಪಿಗೆ 1,67,800, ನೀಲಿಗೆ 1,72,800, ಎಂಗೆ 1,77,800. ಅಂದರೆ ನೀಲಿ ಸರಿಯಾಗಿ ಮಧ್ಯದಲ್ಲಿತ್ತು. ಈ ಬೈಕಿನಲ್ಲಿ ಬಣ್ಣ ಬದಲಾದರೆ ಫೀಚರ್ ಬದಲಾಗುತ್ತೆ. ಬುಕ್ ಮಾಡುವ ದಿನ ಯಾವ ಬಣ್ಣಕ್ಕೆ ಏನೇನಿದೆ ಅಂತ ಕೇಳಿ, ಬರೆಸಿಕೊಳ್ಳಿ. ನನಗೆ ಬೇರೆ ಒಂದು ಗಾಡಿ ತಗೊಳ್ಳುವಾಗ ಬಾಯಲ್ಲಿ ಒಂದು ಹೇಳಿ ಬಿಲ್‌ನಲ್ಲಿ ಇನ್ನೊಂದು ಹಾಕಿದ್ದರು. ಶೋರೂಮ್ ಹೆಸರು ಬೇಡ. ಸರಿ ಮಾಡಿಸೋಕೆ ಒಂದು ತಿಂಗಳು ಓಡಾಡಿದೆ.

ಕಾಳಿ ತೀರ
ನನ್ನದು ನೀಲಿನೇ. ಎರಡು ವರ್ಷ ಆಯಿತು, 21,000 ಕಿ.ಮೀ. ಓಡಿದೆ. ಕ್ವಿಕ್‌ಶಿಫ್ಟರ್ ಬಗ್ಗೆ ಓಡಿಸಿದವನಾಗಿ ಹೇಳುತ್ತೇನೆ. ಕಾರವಾರದಿಂದ ಅಂಕೋಲಾಕ್ಕೆ ಬೆಳಿಗ್ಗೆ ಆರಕ್ಕೆ ಹೊರಟು, ಚತುಷ್ಪಥ ಖಾಲಿ ಇರುವಾಗ ಎರಡು, ಮೂರು, ನಾಲ್ಕು ಅಂತ ಕ್ಲಚ್ ಮುಟ್ಟದೆ ಏರಿಸುತ್ತಾ ಹೋಗೋದು ಇದೆಯಲ್ಲ, ಅದರ ಖುಷಿಯೇ ಬೇರೆ. ಕಾಲಿನ ಕೆಳಗೆ ಟಕ್ ಅನ್ನುತ್ತೆ, ಸದ್ದು ಒಂದು ಕ್ಷಣ ತುಂಡಾಗಿ ಮತ್ತೆ ಹಿಡಿಯುತ್ತೆ. 7,400 ಆರ್‌ಪಿಎಂ ದಾಟಿದ ಮೇಲೆ ವಿವಿಎ (ಎಂಜಿನ್ ವಾಲ್ವ್ ತೆರೆಯೋ ರೀತಿ ಬದಲಿಸೋ ವ್ಯವಸ್ಥೆ) ಕೆಲಸ ಶುರು ಮಾಡುತ್ತಲ್ಲ, ಆಗ ಎಂಜಿನ್‌ನ ದನಿಯೇ ಬದಲಾಗುತ್ತೆ. ಆ ಜಾಗದಲ್ಲಿ ಕ್ವಿಕ್‌ಶಿಫ್ಟರ್ ಜೊತೆ ಸೇರಿದರೆ ಬೈಕ್ ಯಾಕೆ ತಗೊಂಡೆ ಅಂತ ನೆನಪಾಗುತ್ತೆ.

ಆದರೆ ಅದು ಗೇರ್ ಏರಿಸೋಕೆ ಮಾತ್ರ. ಇಳಿಸೋಕೆ ಕ್ಲಚ್ ಹಿಡಿಯಲೇಬೇಕು.

ಗ್ಯಾರೇಜ್ ಕುಮಟಾ
ಕಾಳಿ ತೀರದವರು ಹೇಳಿದ ಕೊನೇ ಸಾಲು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಅದನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕ್ವಿಕ್‌ಶಿಫ್ಟರ್ ಅಂದರೆ ಗೇರ್ ಲಿವರ್‌ಗೆ ಕೂಡಿಸಿದ ಒಂದು ಸೆನ್ಸರ್. ಕಾಲು ಒತ್ತಿದ್ದು ಗೊತ್ತಾದ ಕೂಡಲೇ ಎಂಜಿನ್‌ನ ಬಲವನ್ನ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಲ್ಲಿಸುತ್ತೆ. ಗೇರ್ ಹಲ್ಲಿನ ಮೇಲಿನ ಒತ್ತಡ ಸಡಿಲ ಆಗುತ್ತೆ, ಮುಂದಿನ ಗೇರ್ ಬೀಳುತ್ತೆ. ಆರ್15ನಲ್ಲಿ ಅದು 20 ಕಿ.ಮೀ. ವೇಗ, 2,000 ಆರ್‌ಪಿಎಂ ಮೇಲಿದ್ದರೆ ಮಾತ್ರ ಕೆಲಸ ಮಾಡುತ್ತೆ. ಆಕ್ಸಿಲರೇಟರ್ ಎಳೆದೇ ಇರಬೇಕು, ಕಾಲು ಗಟ್ಟಿಯಾಗಿ ಒತ್ತಬೇಕು. ಅರೆಬರೆ ಒತ್ತಿದರೆ ಗೇರ್ ಪೂರ್ತಿ ಬೀಳದೆ ನಡುವೆ ಉಳಿಯುತ್ತೆ.

ಈಗ ನಮ್ಮ ಘಟ್ಟ ನೆನಪು ಮಾಡಿಕೊಳ್ಳಿ. ರಾಗಿಹೊಸಳ್ಳಿ ದಾಟಿ ಇಳಿಯೋಕೆ ಶುರು ಮಾಡಿದರೆ ಕತಗಾಲ ಬರೋತನಕ ನಿಮ್ಮ ಕೆಲಸ ಏನು? ತಿರುವು ಬಂತು, ಗೇರ್ ಇಳಿಸು. ಲಾರಿ ಬಂತು, ಗೇರ್ ಇಳಿಸು. ಹತ್ತುವಾಗಲೂ ಅಷ್ಟೇ, ಲಾರಿ ಹಿಂದೆ ಸಿಕ್ಕಿಕೊಂಡರೆ ಮೂರರಿಂದ ಎರಡಕ್ಕೆ ಬರಬೇಕು. ಇಳಿಸುವಾಗ ಹಿಂದಿನ ಚಕ್ರ ಕುಪ್ಪಳಿಸದಂತೆ ನೋಡಿಕೊಳ್ಳೋದು ಸ್ಲಿಪ್ಪರ್ ಕ್ಲಚ್. ಅದು ಕೆಂಪು ಬೇಸ್‌ನಲ್ಲೂ ಇದೆ. ನಮ್ಮ ರಸ್ತೆಗೆ ಬೇಕಾದ್ದನ್ನ ಕಂಪನಿ ಎಲ್ಲರಿಗೂ ಕೊಟ್ಟಿದೆ. ಹೆಚ್ಚು ದುಡ್ಡಿಗೆ ಕೊಡೋದು ನೇರ ರಸ್ತೆಯ ಖುಷಿ.

ಕಾಳಿ ತೀರ
ಖುಷಿಗೂ ಬೆಲೆ ಇದೆ ಅಣ್ಣ. ಬರೀ ಉಪಯೋಗ ನೋಡೋದಾದರೆ ಸ್ಪ್ಲೆಂಡರ್ ಸಾಕಿತ್ತಲ್ವಾ? ಸ್ಪೋರ್ಟ್ಸ್ ಬೈಕ್ ತಗೊಳ್ಳೋನಿಗೆ ಮಿತವ್ಯಯದ ಪಾಠ ಹೇಳೋದು ಸರಿಯಲ್ಲ.

ಗ್ಯಾರೇಜ್ ಕುಮಟಾ
ನಾನು ಖುಷಿ ಬೇಡ ಅಂದಿಲ್ಲ. ಅವರು ಕೇಳಿದ್ದು ಘಟ್ಟದ ಬಗ್ಗೆ, ಮಳೆಯ ಬಗ್ಗೆ. ಅದಕ್ಕೆ ಉತ್ತರ ಕೊಟ್ಟೆ.

ಲೆಕ್ಕದ ಭಟ್ರು
ದುಡ್ಡಿನ ಲೆಕ್ಕ ಯಾರೂ ಹೇಳಲಿಲ್ಲ. ನಮ್ಮ ರಾಜ್ಯದಲ್ಲಿ ಒಂದು ಲಕ್ಷ ದಾಟಿದ ದ್ವಿಚಕ್ರ ವಾಹನಕ್ಕೆ ಜೀವಿತಾವಧಿ ತೆರಿಗೆ ಶೇ. 18. ಅದರ ಮೇಲೆ ಸೆಸ್ ಬೇರೆ. ಅಂದರೆ ಎಂಗೆ ಎಕ್ಸ್‌ಶೋರೂಮ್‌ನಲ್ಲಿ 20,000 ಜಾಸ್ತಿ ಇದ್ದರೆ ತೆರಿಗೆಯೇ 3,600 ಏರುತ್ತೆ. ಸೆಸ್, ವಿಮೆ ಸೇರಿದರೆ ನಿಮ್ಮ ಚೀಟಿಯ 25,000ಕ್ಕೆ ಹತ್ತಿರ ಬಂದೇ ಬರುತ್ತೆ. ಅದರಲ್ಲಿ ನಾಲ್ಕೈದು ಸಾವಿರಕ್ಕೆ ಬೈಕಿನಲ್ಲಿ ಒಂದು ಸ್ಕ್ರೂ ಕೂಡ ಜಾಸ್ತಿ ಬರಲ್ಲ.

ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಮಾತ್ರ ಎರಡಕ್ಕೂ ಒಂದೇ. 150ರಿಂದ 350 ಸಿಸಿ ಗುಂಪಿಗೆ ಬರುತ್ತೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಯಾರಾದರೂ ಹಳೇ ಬೆಲೆ ಹೇಳಿದರೆ ನಂಬಬೇಡಿ.

ಮಾಜಾಳಿ ಗಡಿ
ಗೋವಾದಲ್ಲಿ ತಗೊಂಡರೆ ತೆರಿಗೆ ಕಡಿಮೆ ಬೀಳುತ್ತೆ. ನಮ್ಮ ಕಡೆ ಬೇಕಾದಷ್ಟು ಜನ ಹಾಗೇ ಮಾಡಿದ್ದಾರೆ. ಉಳಿದ ದುಡ್ಡಲ್ಲಿ ಎಂ ಬರುತ್ತೆ.

ಲೆಕ್ಕದ ಭಟ್ರು
ಮಾರಾಯ್ರೆ, ಆ ಹುಡುಗನಿಗೆ ಆ ದಾರಿ ತೋರಿಸಬೇಡಿ. ಗೋವಾದಲ್ಲಿ ನೋಂದಣಿ ಆಗಬೇಕು ಅಂದರೆ ಅಲ್ಲಿಯ ವಿಳಾಸ ಬೇಕು. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಇಲ್ಲಿ ನೋಂದಣಿ ಮಾಡಿಸಲೇಬೇಕು, ಇಲ್ಲಿಯ ತೆರಿಗೆ ಕಟ್ಟಲೇಬೇಕು. ಶಿರಸಿಯಲ್ಲಿ ದಿನಾ ಓಡಿಸೋ ಗಾಡಿಗೆ ಕೆಎ 31 ಬೋರ್ಡೇ ಇರಲಿ.

ಮಾಜಾಳಿ ಗಡಿ
ನಮಗೆ ಎರಡೂ ಕಡೆ ಮನೆ ಇದೆ, ಅದಕ್ಕೆ ಹೇಳಿದೆ. ಅವರಿಗೆ ಸರಿಹೋಗಲ್ಲ ಅಂದರೆ ಬಿಡಿ.

ಅಂಕೋಲಾ ಹುಡುಗ
ಕಾರವಾರದ ಹಳೇ ಕಾಳಿ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದ ಮೇಲೆ ಗೋವಾ ಕಡೆ ಹೋಗೋಕೆ ನನಗೆ ಮನಸ್ಸೇ ಬರಲ್ಲ. ರಾತ್ರಿ ಹೊತ್ತು ಹೊಸ ಸೇತುವೆ ಮೇಲೆ ಹೋಗುವಾಗಲೂ ಬೇಗ ದಾಟಿಬಿಡೋಣ ಅನ್ನಿಸುತ್ತೆ.

ಕಾಳಿ ತೀರ
ನಮಗೂ ಆ ವಾರ ಹಾಗೇ ಆಗಿತ್ತು. ನಾವಂತೂ ದಿನಾ ದಾಟಲೇಬೇಕು.

ಶರಾವತಿ ಅಕ್ಕ
ನಾನು ಹೊನ್ನಾವರದವಳು. ಮೂರು ವರ್ಷದಿಂದ ಆರ್15 ಓಡಿಸುತ್ತಿದ್ದೇನೆ, ನನ್ನದು ಬೇಸ್. ನನ್ನ ಎತ್ತರ ಐದಡಿ ಎರಡಿಂಚು. ಸೀಟಿನ ಎತ್ತರ 815 ಮಿ.ಮೀ. ಮೊದಲ ತಿಂಗಳು ಗೇರುಸೊಪ್ಪೆ ಘಾಟಿಯಲ್ಲಿ ನಿಲ್ಲಿಸಬೇಕಾಗಿ ಬಂದರೆ ರಸ್ತೆಯ ಯಾವ ಕಡೆ ಎತ್ತರ ಇದೆ ಅಂತ ನೋಡಿ ಕಾಲು ಇಡುತ್ತಿದ್ದೆ. ಎಂ ತಗೊಂಡಿದ್ದರೂ ಅದು ಹಾಗೇ ಇರುತ್ತಿತ್ತು. ಇದನ್ನ ಯಾರೂ ಹೇಳಲ್ಲ. ಮೈಗೆ ಬೈಕ್ ಹೊಂದುತ್ತಾ ಇಲ್ವಾ ಅನ್ನೋದಕ್ಕೂ ವೇರಿಯಂಟ್‌ಗೂ ಸಂಬಂಧ ಇಲ್ಲ.

ಹಿಂದೆ ಯಾರನ್ನ ಕೂರಿಸುತ್ತೀರಿ ಅಂತ ಹೇಳಲಿಲ್ಲ ನೀವು. ನಿಮ್ಮ ಆಯಿಯನ್ನ ಪೇಟೆಗೆ, ದೇವಸ್ಥಾನಕ್ಕೆ ಕರೆದುಕೊಂಡು ಹೋಗೋದಿದೆಯಾ? ನಾನು ಒಂದೇ ಸಲ ನಮ್ಮಮ್ಮನನ್ನ ಕೂರಿಸಿದ್ದು. ಹಿಂದಿನ ಸೀಟು ಎತ್ತರ, ಚಿಕ್ಕದು. ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರೋರಿಗೆ ಅದು ಆಗಲ್ಲ. ಸ್ಪ್ಲೆಂಡರ್ ಮಾರಬೇಡಿ.

ಇನ್ನೊಂದು. ನಾನು ಉಳಿದ ದುಡ್ಡಲ್ಲಿ ಒಳ್ಳೇ ಹೆಲ್ಮೆಟ್, ಜಾಕೆಟ್, ಗ್ಲೌಸ್, ಕಾಲ್ಗಂಟು ಮುಚ್ಚೋ ಬೂಟು ತಗೊಂಡೆ. ಹೋದ ವರ್ಷ ಜುಲೈನಲ್ಲಿ ಮಾವಿನಗುಂಡಿ ಹತ್ತಿರ ಪಾಚಿ ಮೇಲೆ ಮುಂದಿನ ಚಕ್ರ ಜಾರಿ ಬಿದ್ದೆ. ವೇಗ 30 ಇದ್ದಿರಬಹುದು ಅಷ್ಟೇ. ಎಡಗೈ ಗ್ಲೌಸ್‌ನ ಅಂಗೈ ಭಾಗ ದಾರ ದಾರ ಆಗಿ ಕಿತ್ತುಬಂದಿತ್ತು. ಒಳಗೆ ಚರ್ಮಕ್ಕೆ ಏನೂ ಆಗಿರಲಿಲ್ಲ. ಆ ಗ್ಲೌಸ್ ಈಗಲೂ ಇಟ್ಟುಕೊಂಡಿದ್ದೇನೆ.

ಅಂಕೋಲಾ ಹುಡುಗ
ಅಕ್ಕ, ಟ್ರ್ಯಾಕ್ಷನ್ ಕಂಟ್ರೋಲ್ ಇದ್ದೂ ಬಿದ್ದಿರಾ?

ಗ್ಯಾರೇಜ್ ಕುಮಟಾ
ಟ್ರ್ಯಾಕ್ಷನ್ ಕಂಟ್ರೋಲ್ ನೋಡಿಕೊಳ್ಳೋದು ಹಿಂದಿನ ಚಕ್ರವನ್ನ. ಆಕ್ಸಿಲರೇಟರ್ ಜಾಸ್ತಿ ಕೊಟ್ಟು ಅದು ಸುಮ್ನೆ ತಿರುಗೋಕೆ ಶುರು ಮಾಡಿದರೆ ಎಂಜಿನ್ ಬಲ ಕಡಿಮೆ ಮಾಡುತ್ತೆ. ಮುಂದಿನ ಚಕ್ರ ಪಾಚಿ ಮೇಲೆ ಪಕ್ಕಕ್ಕೆ ಜಾರಿದರೆ ಅದು ಏನೂ ಮಾಡೋಕಾಗಲ್ಲ. ಎಬಿಎಸ್ ಕೂಡ ಬ್ರೇಕ್ ಹಿಡಿದಾಗ ಮಾತ್ರ. ಮರದ ನೆರಳಿರೋ ತಿರುವು, ಬಿದ್ದ ಎಲೆ, ರಸ್ತೆ ಅಗಲ ಮಾಡುವಾಗ ಕೊಚ್ಚಿಬಂದ ಕೆಂಪು ಮಣ್ಣು, ಇಷ್ಟು ಕಂಡರೆ ವೇಗ ಇಳಿಸೋದು ನಮ್ಮ ಕೈಯಲ್ಲೇ ಇರೋದು.

ಆರ್‌ಎಕ್ಸ್ ಕಾಕಾ
ನಾನು ಯಲ್ಲಾಪುರದವನು. 1991ರಲ್ಲಿ ಆರ್‌ಎಕ್ಸ್100 ತಗೊಂಡೆ, ಈಗಲೂ ಮನೆಯಲ್ಲಿದೆ. 98 ಸಿಸಿ, 11 ಬಿಎಚ್‌ಪಿ. ಆಗ ಬೇಸ್, ಪ್ರೀಮಿಯಂ ಅಂತ ತಲೆ ಕೆಡಿಸಿಕೊಳ್ಳೋದೇ ಇರಲಿಲ್ಲ. ಬಣ್ಣ ಆರಿಸಿದರೆ ಆಯಿತು. ಆದರೆ ಆ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಮುಂದೆ ಡ್ರಮ್ ಬ್ರೇಕ್. ಅರಬೈಲ್ ಘಟ್ಟದಲ್ಲಿ ಮಳೆ ನೀರು ಹೊಕ್ಕರೆ ಲಿವರ್ ಹಿಡಿದಷ್ಟೂ ಬರುತ್ತಿತ್ತು, ಗಾಡಿ ನಿಲ್ಲುತ್ತಿರಲಿಲ್ಲ. ನನ್ನ ಜೊತೆಯವರಲ್ಲಿ ಇಬ್ಬರು ಆ ಘಟ್ಟದಲ್ಲಿ ಕಾಲು ಮುರಿದುಕೊಂಡರು. ಇವತ್ತು ಬೇಸ್ ಮಾಡೆಲ್‌ನಲ್ಲೇ ಮುಂದೆ 282 ಮಿ.ಮೀ. ಡಿಸ್ಕ್, ಹಿಂದೆ 220, ಎರಡಕ್ಕೂ ಎಬಿಎಸ್. ನಮಗೆ ಆಗ ಇದು ಸಿಕ್ಕಿದ್ದರೆ!

ಮಾಣಿ, ನಿನ್ನ ಅಪ್ಪ ಚಾಲಿ ಮಾರಿ ಕೊಡೋ ದುಡ್ಡು. ಕೊಯ್ಲು, ಸುಲಿತ, ಒಣಗಿಸೋದು, ಎಲ್ಲ ನಿನಗೂ ಗೊತ್ತು. ಅವರ ಹತ್ತಿರವೇ ಕೂತು ಎರಡರ ವ್ಯತ್ಯಾಸ ಹೇಳು. ಅವರೇ ದೊಡ್ಡದು ತಗೋ ಅಂದರೂ ಅನ್ನಬಹುದು.

ಕಾಳಿ ತೀರ
ಕಾಕಾ, ಆರ್‌ಎಕ್ಸ್ ಫೋಟೋ ಹಾಕಿ.

ಆರ್‌ಎಕ್ಸ್ ಕಾಕಾ
ಟ್ಯಾಂಕ್ ಬಣ್ಣಕ್ಕೆ ಕೊಟ್ಟಿದ್ದೇನೆ. ಬರಲಿ, ಹಾಕುತ್ತೇನೆ.

ಯಾಣ ತಿರುವು
ಪ್ರೀಮಿಯಂ ಎಲ್ಲಾ ವ್ಯರ್ಥ ಅನ್ನೋ ಹಾಗೆ ಮಾತು ಹೋಗುತ್ತಿದೆ, ಅದನ್ನ ಒಪ್ಪಲ್ಲ. ಹೆಚ್ಚಿನ ದುಡ್ಡಿಗೆ ಏನು ಸಿಗುತ್ತೆ ಅನ್ನೋದು ಬೈಕಿನಿಂದ ಬೈಕಿಗೆ ಬೇರೆ. ಟಿವಿಎಸ್ ಅಪಾಚೆ ಆರ್‌ಆರ್310 ನೋಡಿ. 2021ರಲ್ಲಿ ಅದಕ್ಕೆ ಡೈನಮಿಕ್ ಕಿಟ್ ಅಂತ ತಂದರು, ಆಗ 12,000 ರೂಪಾಯಿ. ಆ ದುಡ್ಡಿಗೆ ಮುಂದೆ ಹಿಂದೆ ಎರಡೂ ಕಡೆ ನಮಗೆ ಬೇಕಾದ ಹಾಗೆ ಹೊಂದಿಸಿಕೊಳ್ಳೋ ಸಸ್ಪೆನ್ಷನ್ ಬರುತ್ತೆ. ನನ್ನ ಭಾವನ ಹತ್ತಿರ ಅದೇ ಇದೆ. ಅವನು 90 ಕೆ.ಜಿ., ನಾನು 58. ನಾನು ಓಡಿಸೋಕೆ ತಗೊಂಡರೆ ಮೊದಲು ಸಸ್ಪೆನ್ಷನ್ ಸ್ವಲ್ಪ ಸಡಿಲ ಮಾಡಿಕೊಳ್ಳುತ್ತೇನೆ. ಅದೇ ಗುಂಡಿ, ಅದೇ ವೇಗ, ಸೊಂಟಕ್ಕೆ ಬೀಳೋ ಪೆಟ್ಟೇ ಬೇರೆ. ಅಂಥ ಪ್ರೀಮಿಯಂಗೆ ನಾನು ಕಣ್ಣುಮುಚ್ಚಿ ದುಡ್ಡು ಕೊಡುತ್ತೇನೆ. ಆರ್15 ಎಂನಲ್ಲಿ ಸಸ್ಪೆನ್ಷನ್ ಬದಲಾಗಲ್ಲ, ಅಲ್ಲೇ ನನಗೆ ಬೇಜಾರು.

ದೇವಿಮನೆ ದಾರಿ
ಬೇರೆ ಬೈಕ್ ಹೇಳಬೇಡಿ ಅಂದಿದ್ದೆ, ಆದರೂ ಈ ಮಾತು ಉಪಯೋಗಕ್ಕೆ ಬಂತು ಯಾಣ ತಿರುವು. ಶರಾವತಿ ಅಕ್ಕ, ಆಯಿಗೆ ಸ್ಪ್ಲೆಂಡರ್ ಮನೆಯಲ್ಲೇ ಇರುತ್ತೆ. ಬಣ್ಣದ ಪರದೆ ಬಗ್ಗೆ ಯಾರೂ ಹೇಳಲಿಲ್ಲ. ಅದರಲ್ಲಿ ದಾರಿ ತೋರಿಸೋದು ಇದೆಯಂತೆ.

ನೀಲೇಕಣಿ
ನನ್ನ ಗೆಳೆಯನದ್ದು 2024ರ ಎಂ, ಪರದೆ ಇರೋದು. ಬಿಸಿಲಲ್ಲಿ ಚೆನ್ನಾಗಿ ಕಾಣುತ್ತೆ, ಚೆಂದವೂ ಇದೆ. ದಾರಿ ತೋರಿಸೋಕೆ ಫೋನ್ ಜೋಡಿಸಬೇಕು, ಫೋನಿಗೆ ನೆಟ್‌ವರ್ಕ್ ಬೇಕು. ಘಟ್ಟದ ನಡುವೆ ಎಷ್ಟು ಕಡೆ ಸಿಗ್ನಲ್ ಸಿಗುತ್ತೆ ಅಂತ ನಿಮಗೇ ಗೊತ್ತು. ನಿಮ್ಮ ಮನೆಯಿಂದ ಅಕ್ಕನ ಮನೆಗೆ ದಾರಿ ತೋರಿಸೋರು ಬೇಕಾ? ಕರೆ ಬಂದದ್ದು ತೋರಿಸೋ ಬ್ಲೂಟೂತ್ ಬೇಸ್‌ನ ಮೀಟರ್‌ನಲ್ಲೂ ಇದೆ.

ಕಾಳಿ ತೀರ
ಮಾರುವಾಗ ಎಂಗೆ ಜಾಸ್ತಿ ಕೊಡುತ್ತಾರೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಗ್ಯಾರೇಜ್ ಕುಮಟಾ
ನನ್ನ ಹತ್ತಿರ ಹಳೇ ಗಾಡಿ ತೋರಿಸೋಕೆ ತರುತ್ತಾರೆ. ತಗೊಳ್ಳೋನು ಮೊದಲು ನೋಡೋದು ಬಿದ್ದಿದೆಯಾ, ಫೇರಿಂಗ್ (ಹೊರಗಿನ ಕವಚ) ಒಡೆದಿದೆಯಾ, ಸರ್ವಿಸ್ ಪುಸ್ತಕ ಇದೆಯಾ ಅಂತ. ಆಮೇಲೆ ಬಣ್ಣ.

ಕರಾವಳಿಯ ಗಾಡಿಯಾದರೆ ನಾನು ನೋಡೋದು ಫೋರ್ಕ್. ತಲೆಕೆಳಗಾದ ಫೋರ್ಕ್‌ನಲ್ಲಿ ಹೊಳೆಯೋ ಕೊಳವೆ ಕೆಳಗೆ, ಚಕ್ರದ ಹತ್ತಿರ ಇರುತ್ತೆ. ಮಣ್ಣು, ಉಪ್ಪುನೀರು ಎಲ್ಲ ಅದಕ್ಕೇ ಬಡಿಯೋದು. ಹೋದ ವಾರ ಒಂದು ಗಾಡಿ ಬಂತು. ಸಮುದ್ರದ ಮರಳಲ್ಲಿ ಓಡಿಸಿ ಎರಡು ದಿನ ತೊಳೆಯದೆ ಬಿಟ್ಟಿದ್ದರಂತೆ, ಅದೂ ಎಷ್ಟೋ ಸಲ. ಕೊಳವೆ ಮೇಲೆ ಉಗುರು ಎಳೆದರೆ ಒಂದು ಕಡೆ ಸಿಕ್ಕಿಕೊಳ್ಳುತ್ತಿತ್ತು. ಸಾಸಿವೆಗಿಂತ ಚಿಕ್ಕ ತುಕ್ಕಿನ ಚುಕ್ಕಿ. ಗುಂಡಿ ಬಂದಾಗೆಲ್ಲ ಆ ಚುಕ್ಕಿ ಸೀಲ್ ಒಳಗೆ ಹೋಗಿ ಬಂದು ಅದರ ತುಟಿ ಹರಿದಿತ್ತು. ಎಣ್ಣೆ ಇಳಿದು ಬ್ರೇಕ್ ಪ್ಯಾಡ್‌ವರೆಗೆ ಬಂದಿತ್ತು. ಸೀಲ್ ಹಾಕಬಹುದು, ಚುಕ್ಕಿ ಹಾಗೇ ಇದ್ದರೆ ಅದೂ ಹರಿಯುತ್ತೆ. ಕುಮಟಾಕ್ಕೆ ಬಂದು ಹೋದ ಮೇಲೆ ಒಂದು ಬಕೆಟ್ ಸಿಹಿನೀರು, ಒಂದು ಒದ್ದೆ ಬಟ್ಟೆ. ಆಮೇಲೆ ಚೈನ್‌ಗೆ ಎಣ್ಣೆ. ಹತ್ತು ನಿಮಿಷದ ಕೆಲಸ. ಬೇಸ್ ಆಗಲಿ ಎಂ ಆಗಲಿ, ಬೆಲೆ ಉಳಿಸೋದು ಇದು.

ಮಾಜಾಳಿ ಗಡಿ
ಇದು ನಿಜ. ನಮ್ಮ ಕಡೆ ಸೈಕಲ್ ಚೈನ್ ಕೂಡ ಒಂದು ಮಳೆಗಾಲಕ್ಕೆ ಹೋಗುತ್ತೆ.

ದೇವಿಮನೆ ದಾರಿ
ಇವತ್ತು ಎರಡನ್ನೂ ಓಡಿಸಿ ನೋಡಿದೆ. ಕಾಕಾ ಹೇಳಿದ ಹಾಗೆ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಬೇಸ್ ಮೊದಲು, ಆಮೇಲೆ ಎಂ. ಇಬ್ಬರೇ ಹೋಗಲಿ ಅಂತ ಶೋರೂಮ್‌ನವರು ಬಿಟ್ಟರು. ಐದು ರಸ್ತೆ ಸರ್ಕಲ್ ಗಲಾಟೆ ದಾಟಿ ಕುಮಟಾ ರಸ್ತೆಯಲ್ಲಿ ಸ್ವಲ್ಪ ದೂರ. ಕ್ವಿಕ್‌ಶಿಫ್ಟರ್ ಮೂರು ಸಲ ಹಾಕಿದೆ. ಕಾಳಿ ತೀರದವರು ಬರೆದದ್ದು ಸುಳ್ಳಲ್ಲ, ಮೈ ಜುಮ್ ಅಂತು. ಆಮೇಲೆ ನೀಲೇಕಣಿ ಅನ್ನೋ ಜಾಗದ ಹತ್ತಿರ ಎದುರಿಂದ ಬಸ್ಸು, ಮುಂದೆ ಟ್ರ್ಯಾಕ್ಟರ್. ವಾಪಸ್ ಬರೋತನಕ ಕ್ಲಚ್ ಮೇಲಿಂದ ಕೈ ತೆಗೆಯೋಕಾಗಲಿಲ್ಲ.

ಅಪ್ಪ ಬೇಸ್‌ನಲ್ಲೂ ಕೂತರು, ಎಂನಲ್ಲೂ ಕೂತರು. "ಎರಡೂ ಒಂದೇ ಥರ ಬೆನ್ನು ಬಗ್ಗಿಸುತ್ತಲ್ಲೋ" ಅಂದರು. ದುಡ್ಡಿನ ಬಗ್ಗೆ ಏನೂ ಅನ್ನಲಿಲ್ಲ. ನಾನೇ ಕೆಂಪು ಬುಕ್ ಮಾಡಿದೆ. ಬೂದು ಬಣ್ಣದ ಎಂ ಹತ್ತಿರ ಇನ್ನೊಂದು ಸಲ ಹೋಗಿ ಟ್ಯಾಂಕ್ ಮುಟ್ಟಿ ಬಂದೆ. ಆಸೆ ಹೋಗಿಲ್ಲ. ಆದರೆ ಜೂನ್ ಶುರುವಾಗೋಕೆ ಮೊದಲು ಜಾಕೆಟ್, ಬೂಟು, ಗ್ಲೌಸ್ ತಗೊಳ್ಳೋಕೆ ಈಗ ದುಡ್ಡಿದೆ.

ಕಾಳಿ ತೀರ
ಶುಭವಾಗಲಿ ತಮ್ಮಾ. ಕಾರವಾರಕ್ಕೆ ಬಂದರೆ ಹೇಳು, ನನ್ನ ನೀಲಿ ಕೊಡುತ್ತೇನೆ. ಬೆಳಿಗ್ಗೆ ಆರಕ್ಕೆ ಅಂಕೋಲಾವರೆಗೆ ಹೋಗಿ ಬಾ.

ಶರಾವತಿ ಅಕ್ಕ
ಗ್ಲೌಸ್ ಎರಡು ಜೊತೆ ತಗೊಳ್ಳಿ. ಮಳೆಗಾಲದಲ್ಲಿ ಒಂದು ಒಣಗೋಕೆ ಮೂರು ದಿನ ಬೇಕು. ಅಡಿಕೆ ಒಣಗಿಸೋ ಡ್ರೈಯರ್ ಇದ್ದರೆ ಅದರ ಮೇಲ್ಗಡೆ ದೂರದಲ್ಲಿ ನೇತುಹಾಕಿ, ಹತ್ತಿರ ಬೇಡ, ಚರ್ಮ ಸುಕ್ಕಾಗುತ್ತೆ.

ದೇವಿಮನೆ ದಾರಿ
ಡ್ರೈಯರ್ ಇದೆ ಅಕ್ಕ. ಮಳೆ ಪ್ಯಾಂಟ್ ಯಾವುದು ಒಳ್ಳೇದು? ಘಟ್ಟದ ಮಳೆಗೆ ಹೊಲಿಗೆ ಹತ್ತಿರ ನೀರು ಇಳಿಯಬಾರದು.

ಗ್ಯಾರೇಜ್ ಕುಮಟಾ
ಹೊಲಿಗೆ ಮೇಲೆ ಒಳಗಡೆಯಿಂದ ಟೇಪ್ ಅಂಟಿಸಿದ್ದು ನೋಡಿ ತಗೊಳ್ಳಿ. ಅಂಗಡಿಯಲ್ಲೇ ಒಳಗೆ ಹೊರಗೆ ಮಾಡಿ ನೋಡಿ, ಬೇಡ ಅಂದರೂ ಬಿಡಬೇಡಿ. ಗಾಡಿ ಬಂದ ಮೇಲೆ ಅಕ್ಕನ ಮನೆಗೆ ಬರುವಾಗ ಒಂದು ಸಲ ಗ್ಯಾರೇಜ್‌ಗೆ ಬನ್ನಿ. ಚೈನ್ ಎಷ್ಟು ಸಡಿಲ ಇರಬೇಕು ಅಂತ ಕೈಯಲ್ಲೇ ಹಿಡಿಸಿ ತೋರಿಸುತ್ತೇನೆ.